ಉಸುರು ಬಿಡದ ಬ್ಯಾಂಡು

ನಮಸ್ಕಾರ್ರಿ ಎಲ್ಲಾರಿಗೂ. ನಾ ಗದಗಿನಾಗ ಒಂದು ಪ್ರಿಂಟಿಂಗ್ ಪ್ರೆಸ್ಸಿನ್ಯಾಗ ಡಿಟಿಪಿ ಮಾಡಾಂವ. ಲಗ್ನಪತ್ರಿಕಿ, ಬಿಲ್ ಬುಕ್, ಜಾತ್ರಿ ಪೋಸ್ಟರ್, ಇದ ನಮ್ಮ ದಂಧೆ. ಇಂವಾ ರೇಡಿಯೋದಾಗ ಕುಂತು ಸಂಗೀತದ ಬಗ್ಗೆ ಏನ್ ಹೇಳ್ತಾನಪಾ ಅಂತ ನಿಮಗ ಅನಿಸಬಹುದು, ನನಗೂ ಹಂಗ ಅನಿಸ್ತೈತಿ, ಆದ್ರೂ ಒಂದೀಟು ಕೇಳ್ರಿ.

ನಮ್ಮ ಪ್ರೆಸ್ಸಿಗೆ ಒಬ್ರು ಬ್ಯಾಂಡ್ ಮಾಸ್ತರ್ರು ಬರ್ತಾರ. ಮೊದಲ ಲಗ್ನದ ಬ್ಯಾಂಡಿನಾಗ ಕ್ಲಾರಿನೆಟ್ ಊದತಿದ್ರು, ಈಗ ಒಂದು ಸಾಲಿ ಹುಡುಗೂರಿಗೆ ಕಲಸ್ತಾರ. ಅವರ ಹತ್ರ ಕೈಲೇ ಬರದ ಒಂದು ಮಾರ್ಚಿನ, ಅಂದ್ರ ಕವಾಯತಿನ ನಡಿಗಿ ಟ್ಯೂನಿನ, ನೊಟೇಶನ್ ಇತ್ತು, ಝೆರಾಕ್ಸ್ ಮ್ಯಾಲೆ ಝೆರಾಕ್ಸ್ ಮಾಡಿಸಿ ಸ್ವರ ಬರಿಯೋ ಐದು ಗೆರಿ ಒಳಗ ಮೂರು ಅಷ್ಟ ಉಳದಿದ್ವು. ಇದನ್ನ ಹೊಸದಾಗಿ ಹೊಡಕೊಡೋ ತಮ್ಮಾ ಅಂದ್ರು. ಹುಡುಕ್ಯಾಡಿದಾಗ ಸಿಕ್ಕಿದ್ದು ಲಿಲಿಪಾಂಡ್ ಅನ್ನೋ ಪುಕ್ಕಟೆ ಸಾಫ್ಟ್‌ವೇರ್, 1996ರಾಗ ನೆದರ್‌ಲ್ಯಾಂಡ್ಸಿನ ಇಬ್ರು ಚಾಲೂ ಮಾಡಿದ್ದು. ಇದರಾಗ ಮೌಸ್ ಹಿಡದು ಸ್ವರ ಎಳದು ಕೂಡಿಸೋದಿಲ್ರಿ, ಸಿ ಡಿ ಇ ಎಫ್ ಅಂತ ಅಕ್ಷರ ಟೈಪ್ ಮಾಡೋದು, ಅದು ಹಳೇ ಕಾಲದ ಕೆತ್ತಿದ ಅಚ್ಚಿನಂಗ ಚಂದ ಹಾಳಿ ತಗದ ಕೊಡತೈತಿ. ದಿನಾ ಟೈಪ್ ಮಾಡಾವ್ರಿಗೆ ಇದಕ್ಕಿಂತ ಸುಖ ಯಾವದೈತಿ?

ಹಾಳಿ ನೋಡಿ ಮಾಸ್ತರ್ರು ಖುಷಿ ಆದ್ರು. ಮತ್ತ ಹುಡುಗೂರು ಮನ್ಯಾಗ ಫೋನಿನ್ಯಾಗ ಕೇಳಿ ಪ್ರಾಕ್ಟೀಸ್ ಮಾಡಬೇಕು, ಹಾಡೂ ಹಂಗೇನರ ಮಾಡು ಅಂದ್ರು. ಅದ ಫೈಲಿನ್ಯಾಗ ಮಿಡಿ ಅಂತ ಒಂದು ಸಾಲು ಸೇರಿಸಿದ್ರ ಮಿಡಿ ಫೈಲ್ ಬರತೈತಿ. (ನಮ್ಮ ಮನ್ಯಾಗ ಇದನ್ನ ಹೇಳಿದ್ರ, ಯಾವ ಮಿಡಿ, ಉಪ್ಪಿನಕಾಯಿದೇನು ಅಂದ್ಲು ನನ್ನ ಹೆಂಡ್ತಿ.) ಕಳಿಸಿದ್ನಿ. ಮರುದಿನ ಸಂಜಿಮುಂದ ಮಾಸ್ತರ್ರು ಪ್ರೆಸ್ಸಿಗೆ ಬಂದು ಪೇಪರ್ ಬಂಡಲ್ ಮ್ಯಾಲೆ ಕುಂತು ಫೋನ್ ಕಿವಿಗೆ ಹಿಡಕೊಂಡು ಅಂದ್ರು, "ತಮ್ಮಾ, ಇದು ಉಸುರ ಬಿಡವಲ್ದಲ್ಲೋ! ಇದರ ಕೂಡ ಊದಿದ್ರ ನನ್ನ ಹುಡುಗೂರು ಸತ್ತ ಹೋಗ್ತಾವ."

ಖರೇನ ಅದು. ಮಿಡಿ ಅನ್ನೋದು 1983ರಾಗ ಬಂದ ಪದ್ಧತಿ, ಆ ಫೈಲಿನೊಳಗ ದನಿನ ಇರಂಗಿಲ್ಲ, ಬರೇ ಚೀಟಿ. ಯಾವ ಸ್ವರ ಯಾವಾಗ ಒತ್ತು, ಯಾವಾಗ ಬಿಡು, 0ರಿಂದ 127ರೊಳಗ ಎಷ್ಟು ಜೋರು, ಇಷ್ಟ. ಮತ್ತ ಲಿಲಿಪಾಂಡ್ ಹುಟ್ಟಿದ್ದ ಹಾಳಿ ಸಲುವಾಗಿ. ಸ್ವರದ ಮ್ಯಾಲೆ ಟ್ರಿಲ್, ಅಂದ್ರ ಸ್ವರ ನಡಗಸು ಅನ್ನೋ ಚಿಹ್ನಿ, ಇಟ್ರ ಹಾಳ್ಯಾಗ ಚಿಹ್ನಿ ಬೀಳತೈತಿ, ಮಿಡಿಯೊಳಗ ನಡಗಂಗಿಲ್ಲ, ಚಿಹ್ನಿ ಇಲ್ಲದ ಸ್ವರ ಪೂರಾ ಉದ್ದ ಎಳಕೊಂತ ಹೋಗಿ ಮುಂದಿನ ಸ್ವರಕ್ಕ ಅಂಟಿಕೊಂಡ ಬಿಡತೈತಿ. ನಾ ಮೊದಲ ಟೆಂಪೋ, ಅಂದ್ರ ವೇಗಾನೂ ಹಾಕಿರಲಿಲ್ಲ, ಹಾಕಲಿಲ್ಲಂದ್ರ ಅದು ತಾನ ನಿಮಿಷಕ್ಕ 60 ಬಡಿತ ಹಿಡಕೋತೈತಿ, ನಮಗ ಬೇಕಾದದ್ದು 112, ಹಿಂಗಾಗಿ ಸ್ವಾತಂತ್ರ್ಯ ದಿನದ ಮಾರ್ಚು ಹೆಣದ ಮುಂದ ಹೊಂಟಂಗ ಕೇಳಸ್ತಿತ್ತು.

ಇದಕ್ಕ ಔಷಧ ಲಿಲಿಪಾಂಡ್ ಜೋಡಿನ ಬರತೈತ್ರಿ, ಆರ್ಟಿಕ್ಯುಲೇಟ್ ಅಂತ ಒಂದು ಸ್ಕ್ರಿಪ್ಟ್. ಮ್ಯಾಲೆ ಒಂದು ಇನ್‌ಕ್ಲೂಡ್ ಸಾಲು, ಸಂಗೀತದ ಮುಂದ ಒಂದು ಶಬ್ದ. ಚಿಹ್ನಿ ಏನೂ ಇಲ್ಲದ ಸ್ವರನ ಎಂಟು ಪಾಲು ಮಾಡಿ ಏಳ ನುಡಸ್ತೈತಿ, ಒಂದು ಪಾಲು ಖಾಲಿ. ಕಡದು ಊದು ಅಂತ ಚುಕ್ಕಿ ಇದ್ದದ್ದನ್ನ ಅರ್ಧಕ್ಕ ಕಡೀತೈತಿ, ಸ್ಲರ್ ಅನ್ನೋ ಬಾಗಿದ ಗೆರಿ ಕೆಳಗಿದ್ದದ್ದನ್ನ ಕೂಡಸ್ತೈತಿ, ಟ್ರಿಲ್ ಇದ್ರ ನಡಗಸ್ತೈತಿ. ಆ ಒಂದು ಪಾಲಿನ ಖಾಲಿ ಜಾಗ ಬಂದ ಮ್ಯಾಲೆ ಮನಷ್ಯಾರು ಬಾರಿಸಿದಂಗ ಅನಸಾಕ ಹತ್ತಿತು.

ಆದ್ರ ರಿಪೀಟ್, ಅಂದ್ರ ಮತ್ತೊಮ್ಮೆ ಬಾರಸು ಅಂತ ಗುರ್ತು ಇದ್ದ ಭಾಗ, ಎರಡನೇ ಸಲ ಬಾರಸ್ತಿರಲಿಲ್ಲ. ಅದಕ್ಕ ಅನ್‌ಫೋಲ್ಡ್ ರಿಪೀಟ್ಸ್ ಹಾಕಬೇಕು, ಹಾಕಿದ್ನಿ, ಎಲ್ಲಿ ಹಾಕಬಾರದೋ ಅಲ್ಲೇ ಹಾಕಿದ್ನಿ. ಒಂದ ಹಾಳಿ ಇದ್ದ ಮಾರ್ಚು ಮೂರು ಹಾಳಿಗೆ ಹಿಗ್ಗಿ, ನಾ ನೋಡದ ನಲವತ್ತು ಸೆಟ್ ಪ್ರಿಂಟ್ ಕೊಟ್ಟು, ಮಾಲಕರ ಕಡೆ ಬೈಸಿಕೊಂಡು... ಇರ್ಲಿ. ಈಗ ಫೈಲಿನ್ಯಾಗ ಪ್ರಿಂಟಿಗೆ ಒಂದು ಸ್ಕೋರು ಅನ್ನೋ ಭಾಗ, ಕಿವಿಗೆ ಒಂದು ಸ್ಕೋರು, ಎರಡಕ್ಕೂ ಸ್ವರ ಒಂದ ಕಡೆಯಿಂದ, ಹಿಂಗ ಬ್ಯಾರೆ ಬ್ಯಾರೆ ಇಟ್ಟೀನಿ.

ಇನ್ನೊಂದು ಗಮ್ಮತ್ತು ಕೇಳ್ರಿ. ಕ್ಲಾರಿನೆಟ್ಟಿನಾವ ಹಾಳ್ಯಾಗಿನ ಸಿ ನೋಡಿ ಊದಿದ್ರ ಹೊರಗ ಬರೋದು ಬಿ ಫ್ಲ್ಯಾಟ್, ಆಲ್ಟೊ ಸ್ಯಾಕ್ಸೊಫೋನಿನಾವ ಊದಿದ್ರ ಇ ಫ್ಲ್ಯಾಟ್, ಅವು ವಾದ್ಯದ ಗುಣಾನ ಹಂಗ. ಕಂಪ್ಯೂಟರಿಗೆ ಇದೇನ್ ಗೊತ್ರೀ, ಬರದದ್ದನ್ನ ಬರದಂಗ ಬಾರಸ್ತೈತಿ. ಕೊಳಲಿನ ಜೋಡಿ ಇವೆರಡೂ ಸೇರಿ ಒಂದ ಓಣ್ಯಾಗ ಎರಡು ಮದುವಿ ಮೆರವಣಿಗಿ ಎದುರಾಬದುರಾ ಬಂದಂಗ ಆಗಿತ್ತು! ಪ್ರತಿ ವಾದ್ಯಕ್ಕ ಟ್ರಾನ್ಸ್‌ಪೊಸಿಶನ್ ಅಂತ ಒಂದು ಸಾಲು ಕೊಟ್ರ ಹಾಳಿ ಹಂಗ ಇರತೈತಿ, ದನಿ ಅಷ್ಟ ಜಾಗಾಕ್ಕ ಬರತೈತಿ. ತುತ್ತೂರಿ ಎಲ್ಲಾರನ್ನೂ ನುಂಗತಿತ್ತು, ಅದರ ಮಿಡಿ ಮ್ಯಾಕ್ಸಿಮಮ್ ವಾಲ್ಯೂಮು 0.6ಕ್ಕ ಇಳಿಸಿದ್ನಿ, ಕ್ಲಾರಿನೆಟ್ ಕೇಳಾಕ ಹತ್ತಿತು. ಕಡೀಕ ಸಾವಕಾಶ ಆಗೋ ಕಡೆ ಟೆಂಪೋ 104, 96 ಅಂತ ಇಳಿಸಿ, ಆ ಅಂಕಿ ಹಾಳ್ಯಾಗ ಕಾಣದಂಗ ಮುಚ್ಚಿಟ್ನಿ.

ಇಷ್ಟಾದ್ರೂ ನನ್ನ ಕಂಪ್ಯೂಟರಿನ್ಯಾಗ ಒಂದು ನಮೂನಿ, ಮಾಸ್ತರ್ರ ಫೋನಿನ್ಯಾಗ ಐಸ್‌ಕ್ರೀಮ್ ಗಾಡಿ ನಮೂನಿ. ಚೀಟಿ ಒಂದ, ಬಾರಸಾವ್ರು ಬ್ಯಾರೆ. ಅದಕ್ಕ ಮಿಡಿ ಕಳಸೂದ ಬಿಟ್ಟೆ. ಫ್ಲೂಯಿಡ್‌ಸಿಂತ್ ಅಂತ ಐತಿ, ಅದಕ್ಕ ಸೌಂಡ್‌ಫಾಂಟ್ ಕೊಡಬೇಕು, ಅಂದ್ರ ಖರೇ ವಾದ್ಯದ ದನಿ ತುಂಬಿದ ಗಂಟು. ಚೀಟಿ ಕೆಲವ ಕೆಬಿ, ಗಂಟು ನೂರು ಎಂಬಿ ಮ್ಯಾಲೆ. ನಾವ ಬಾರಿಸಿ ಎಂಪಿ3 ಮಾಡಿ ವಾಟ್ಸಾಪಿಗೆ ಹಾಕಿದ್ರ ಎಲ್ಲಾರ ಫೋನಿನ್ಯಾಗೂ ಒಂದ ಥರ.

ನಮ್ಮ ಕಡೆ ಸಂಗೀತ ಇದರಾಗ ಬರತೈತೇನು ಅಂತ ನೀವು ಕೇಳೇ ಕೇಳ್ತೀರಿ. ಮಿಡಿಯ 128 ವಾದ್ಯದ ಪಟ್ಟಿಯೊಳಗ 105 ಸಿತಾರ, 112 ಶಹನಾಯಿ, ಹಾರ್ಮೋನಿಯಂ ಇಲ್ಲ, 21ನೇ ರೀಡ್ ಆರ್ಗನ್ ಹತ್ರ ಬರತೈತಿ. ತೊಂದ್ರಿ ವಾದ್ಯದ್ದಲ್ಲ, ಮೀಂಡಿಂದು. ಸ್ವರದಿಂದ ಸ್ವರಕ್ಕ ಜಾರೋ ಗೆರಿ ಲಿಲಿಪಾಂಡ್ ಹಾಳ್ಯಾಗ ಬರೀತೈತಿ, ನುಡಿಸಂಗಿಲ್ಲ. ಭೀಮಸೇನ ಜೋಶಿಯವರು ಹುಟ್ಟಿದ ಜಿಲ್ಲಾದಾವ ನಾ, ಇದನ್ನ ಸಣ್ಣ ಕೊರತಿ ಅನ್ನಾಕ ನನಗ ಬಾಯಿ ಬರಂಗಿಲ್ಲ. ಇದ ಮೀಂಡ್ ಬರಂಗಿಲ್ಲ ಅನ್ನೋ ತಕರಾರಿಗೆ ಆಕಾಶವಾಣಿ ಹಾರ್ಮೋನಿಯಮ್ಮನ್ನ 1940ರಿಂದ 1971ರ ತನಕ ಹೊರಗಿಟ್ಟಿತ್ತಲ್ರೀ! ಮಾರ್ಚಿಗೆ ನಡೀತೈತಿ, ಖಯಾಲ್ ಗಾಯನಕ್ಕ ಬ್ಯಾಡ ಅಂತೀನಿ ನಾ. ಆದ್ರ ಒಂದು ಮಾತು, ಇದು ಬರೇ ಅಕ್ಷರದ ಫೈಲು ಆಗಿದ್ದಕ್ಕ ಕಣ್ಣು ಕಾಣದಾವ್ರೂ ಸ್ಕ್ರೀನ್ ರೀಡರಿನಿಂದ ಓದಿಸಿಕೊಂಡು ತಾವ ನೊಟೇಶನ್ ಬರೀಬಹುದು. ಕಣ್ಣು ಕಾಣದಾವ್ರಿಗೆ ಸಂಗೀತ ಕಲಸೋ ವೀರೇಶ್ವರ ಪುಣ್ಯಾಶ್ರಮ ಇರೋ ಊರಾಗ ಇದನ್ನ ಹೇಳದ ಹೆಂಗಿರಲಿ?

ಉಸುರಿನ ಮಾತು ಉಳೀತು. ಎಲ್ಲೆಲ್ಲಿ ಉಸುರು ತಗೋತಾರ ಅಂತ ಮಾಸ್ತರ್ರನ್ನ ಕೂಡ್ರಿಸಿಕೊಂಡು ಕೇಳಿದ್ನಿ. ಅವರು ಕ್ಲಾರಿನೆಟ್ ಇಲ್ಲದ, ಬರೇ ಬೆರಳಾಡಿಸಿ, ಬಾಯಿಲೇ ಊದಿ ತೋರಿಸಿದ್ರು, ನಾ ಪೆನ್ಸಿಲ್ಲಿಲೇ ಗುರ್ತು ಹಾಕಿದ್ನಿ. ಆ ಜಾಗಾದಾಗ ಹಿಂದಿನ ಸ್ವರ ಒಂದೀಟು ಕಡದು, 16ನೇ ಭಾಗದ ಮೌನ ಇಟ್ಟು, ಟ್ಯಾಗ್ ಹಚ್ಚಿದ್ನಿ, ಆ ಟ್ಯಾಗ್ ಇದ್ದದ್ದನ್ನ ಹಾಳಿ ಸ್ಕೋರಿನ್ಯಾಗ ತಗದುಬಿಡು ಅಂದ್ರ ಮಿಡಿಗೆ ಅಷ್ಟ ಬರತೈತಿ, ಹಾಳಿಗೆ ಬರಂಗಿಲ್ಲ. ಎಂಪಿ3 ಕಳಿಸಿದ್ನಿ. ರಾತ್ರಿ ಒಂಬತ್ತಕ್ಕ ಫೋನ್ ಬಂತು. "ಬೇಶ್ ಆಗೇತಿ ತಮ್ಮಾ. ಮೂರನೇ ಸಾಲಿನ್ಯಾಗಿನ ಉಸುರು ಇನ್ನೊಂದೀಟು ಉದ್ದ ಮಾಡು. ಅಲ್ಲಿ ಊದೋ ಹುಡುಗ ಭಾಳ ಸಣ್ಣಾಂವ ಅದಾನ." ಮತ್ತ ಕಂಪ್ಯೂಟರ್ ಹಚ್ಚಿ, ಆ ಸಾಲಿನ್ಯಾಗ ಆರ್ 16 (ಆರ್ ಅಂದ್ರ ಮೌನ) ಇದ್ದದ್ದನ್ನ ಅದರ ಎರಡು ಪಟ್ಟು ಉದ್ದದ ಆರ್ 8 ಮಾಡಿ ಮಲಗಿದ್ನಿ. ನಮಸ್ಕಾರ್ರಿ.