ಅಳಿಯನ್ನಲ್ಲ, ನೀರುಗಂಟಿನ ಹುಡುಕ್ತಿರೋದು: ಪೂರ್ತಿ ಇಷ್ಟ ಇಲ್ಲದ ಕ್ಯಾಂಡಿಡೇಟ್‌ಗೆ ವೋಟ್ ಹಾಕ್ಬೇಕಾ?

ನಮಸ್ಕಾರ ಎಲ್ರಿಗೂ. ಇವತ್ತು ಸೀದಾ ಮಸ್ಕಿಗೆ ಹೋಗೋಣ, ರಾಯಚೂರು ಜಿಲ್ಲೆ ಮಸ್ಕಿ. 1915ರಲ್ಲಿ ಅಶೋಕನ ಹೆಸರಿರೋ ಶಾಸನ ಸಿಕ್ಕಿದ್ದು ಇದೇ ಊರಲ್ಲಿ ಅಂತ ಸ್ಕೂಲಲ್ಲಿ ಓದಿರ್ತೀರ, ಆದ್ರೆ ನಾನು ಹೇಳೋಕೆ ಹೊರಟಿರೋದು ಅದಾಗಿ ನೂರು ವರ್ಷ ಕಳೆದ್ಮೇಲೆ ಅದೇ ಊರಿನ ಜನಕ್ಕೆ ಬಂದ ಒಂದು ಸಂಕಟದ ಬಗ್ಗೆ.

(ಸ್ಕ್ರೀನ್ ಮೇಲೆ: ಮಸ್ಕಿ, 2018. ಪ್ರತಾಪಗೌಡ ಪಾಟೀಲ್ 60,387, ಬಸನಗೌಡ ತುರ್ವಿಹಾಳ 60,174)

2018ರ ವಿಧಾನಸಭೆ ಎಲೆಕ್ಷನ್. ಕಾಂಗ್ರೆಸ್‌ನಿಂದ ಪ್ರತಾಪಗೌಡ ಪಾಟೀಲ್, ಬಿಜೆಪಿಯಿಂದ ಬಸನಗೌಡ ತುರ್ವಿಹಾಳ. ಪ್ರತಾಪಗೌಡ ಗೆದ್ರು, ಬರೀ 213 ವೋಟಲ್ಲಿ. ಆಮೇಲೆ 2019ರಲ್ಲಿ ಏನಾಯ್ತು ಅಂತ ನಿಮಗೆಲ್ಲ ನೆನಪಿರುತ್ತೆ, ಶಾಸಕರು ಸಾಲಾಗಿ ರಾಜೀನಾಮೆ ಕೊಟ್ರು, ಅದ್ರಲ್ಲಿ ಇವರೂ ಒಬ್ರು, ಜುಲೈ 23ಕ್ಕೆ ವಿಶ್ವಾಸಮತದಲ್ಲಿ 99-105 ಆಗಿ ಸಮ್ಮಿಶ್ರ ಸರ್ಕಾರ ಬಿತ್ತು, ಸ್ಪೀಕರ್ 17 ಜನರನ್ನ ಅನರ್ಹ ಮಾಡಿದ್ರು, ನವೆಂಬರಲ್ಲಿ ಸುಪ್ರೀಂ ಕೋರ್ಟು ಅನರ್ಹತೆ ಸರಿ ಆದ್ರೆ ಇವರು ಮತ್ತೆ ಎಲೆಕ್ಷನ್‌ಗೆ ನಿಲ್ಬಹುದು ಅಂತು. ಮಸ್ಕಿ ಫಲಿತಾಂಶದ ಮೇಲೆ ಹೈಕೋರ್ಟಲ್ಲಿ ಬೇರೆ ಒಂದು ಕೇಸ್ ಇತ್ತು, ಹಂಗಾಗಿ ಅಲ್ಲಿನ ಬೈ ಎಲೆಕ್ಷನ್ ತಡ ಆಗಿ 2021ರ ಏಪ್ರಿಲ್ 17ಕ್ಕೆ ನಡೀತು. ಅಷ್ಟೊತ್ತಿಗೆ ಪ್ರತಾಪಗೌಡ ಬಿಜೆಪಿ ಕ್ಯಾಂಡಿಡೇಟ್, ತುರ್ವಿಹಾಳ ಕಾಂಗ್ರೆಸ್ ಕ್ಯಾಂಡಿಡೇಟ್. ಅದೇ ಇಬ್ರು, ಗುರುತು ಮಾತ್ರ ಅದಲು ಬದಲು.

ಈಗ ನೀವೇ ಆ ಕ್ಯೂನಲ್ಲಿ ನಿಂತಿದೀರ ಅಂದ್ಕೊಳ್ಳಿ. 2018ರಲ್ಲಿ ಪಕ್ಷದ ಸಿದ್ಧಾಂತ ನೋಡಿ ಕೈಗೆ ಒತ್ತಿದೋರು ನೀವು. ಈಗ್ಲೂ ಅದೇ ಸಿದ್ಧಾಂತ ಬೇಕು ಅಂದ್ರೆ ಅವತ್ತು ಯಾರು ಬೇಡ ಅಂದಿದ್ರೋ ಅವರಿಗೇ ಒತ್ಬೇಕು. ಇಲ್ಲಪ್ಪ ನಾನು ಮನುಷ್ಯನ್ನ ನೋಡಿ ಹಾಕಿದ್ದು ಅಂದ್ರೆ ಕಮಲಕ್ಕೆ ಒತ್ಬೇಕು. ಕಮಲದ ಕಾರ್ಯಕರ್ತನಿಗೂ ಇದೇ ಕಷ್ಟ, ಮೂರು ವರ್ಷದ ಹಿಂದೆ ಹಳ್ಳಿ ಹಳ್ಳಿ ಸುತ್ತಿ ಯಾರ ವಿರುದ್ಧ ಮಾತಾಡಿದ್ನೋ ಈಗ ಅವರ ಪಾಂಪ್ಲೆಟ್ಟೇ ಹಂಚ್ಬೇಕು. ಸರಿ, ಪಕ್ಷಾಂತರ ಮಾಡಿದೋರಿಗೆ ಹಾಕಲ್ಲ ಅನ್ನೋದೇ ನನ್ನ ತತ್ವ ಅಂತೀರಾ? ಇಬ್ರೂ ಪಕ್ಷ ಬದಲಾಯಿಸಿದೋರೇ! ಒಬ್ರು ಜನ ಕೊಟ್ಟ ಸೀಟನ್ನೇ ಬಿಟ್ಟು ಹೋದ್ರು, ಇನ್ನೊಬ್ರು ಸೋತು ಆಮೇಲೆ ಹೋದ್ರು. ನನ್ನ ಪ್ರಕಾರ ಇವೆರಡೂ ಒಂದೇ ತೂಕದ ತಪ್ಪಲ್ಲ, ಜನ ಕೊಟ್ಟಿದ್ದನ್ನ ಜನರನ್ನ ಕೇಳದೆ ಬಿಟ್ಟುಕೊಡೋದು ದೊಡ್ಡದು. ಆದ್ರೆ ಇದನ್ನ ಹೇಳ್ಬೇಕು ಅಂದ್ರೆ ನಾನು ತಕ್ಕಡಿ ಹಿಡೀಲೇಬೇಕು, ಇದು ಜಾಸ್ತಿ ಅದು ಕಮ್ಮಿ ಅಂತ ತೂಗ್ಲೇಬೇಕು. ತತ್ವ ಅಂತ ಶುರು ಮಾಡಿದೋರೂ ಕೊನೆಗೆ ಈ ತೂಗೋ ಕೆಲಸಕ್ಕೇ ಬರ್ತಾರೆ, ಅದನ್ನ ಹೇಳ್ಕೊಳ್ಳೋಕೆ ನಾವು ನಾಚ್ಕೋತೀವಿ ಅಷ್ಟೇ.

ಮಸ್ಕಿ ಜನ ಏನ್ ಮಾಡಿದ್ರು? ತುರ್ವಿಹಾಳರನ್ನ 30,606 ವೋಟಿಂದ ಗೆಲ್ಸಿದ್ರು. 213 ಎಲ್ಲಿ, ಮೂವತ್ತು ಸಾವಿರ ಎಲ್ಲಿ. ಇದಕ್ಕೆ ಕಾರಣ ಒಂದೇ ಅಲ್ಲ, ಜಾತಿ ಲೆಕ್ಕ ಇರುತ್ತೆ, ದುಡ್ಡು ಇರುತ್ತೆ, ಅನುಕಂಪ ಇರುತ್ತೆ. ಆದ್ರೆ ಅಲ್ಲಿ ಇನ್ನೊಂದು ದೊಡ್ಡ ವಿಷಯ ಇತ್ತು, ನೀರು. ನಾರಾಯಣಪುರ ಬಲದಂಡೆ ಕಾಲುವೆಯ 5ಎ ನಾಲೆ ಮಾಡ್ಕೊಡಿ ಅಂತ ರೈತರು ಪಾಮನಕಲ್ಲೂರಲ್ಲಿ ತಿಂಗಳುಗಟ್ಟಲೆ ಧರಣಿ ಕೂತಿದ್ರು. ಆ ಎಲೆಕ್ಷನ್ ಪ್ರಚಾರಕ್ಕೆ ಹೋದ ಯಾವ ಪಕ್ಷದೋರಿಗೂ 5ಎ ಬಗ್ಗೆ ಉತ್ತರ ಹೇಳದೆ ಬರೋಕಾಗ್ಲಿಲ್ಲ. ಫಲಿತಾಂಶ ಬಂದ ಮಾರನೇ ದಿನ ನಾಲೆಲಿ ನೀರೇನೂ ಹರೀಲಿಲ್ಲ, ನಿಜ. ಆದ್ರೆ ಕ್ಯಾಂಡಿಡೇಟ್ ಹೆಂಗಿದಾನೆ ಅನ್ನೋದ್ರ ಜೊತೆ ಏನ್ ಮಾಡಿಸ್ಕೋಬೇಕು ಅನ್ನೋ ಪ್ರಶ್ನೆನೂ ಅಲ್ಲಿ ನಿಂತ್ಕೊಂಡಿತ್ತು, ಅದು ನನಗೆ ಬಹಳ ಮುಖ್ಯ ಅನ್ಸುತ್ತೆ.

ನಮ್ಮತ್ತೆ ಒಬ್ರು ಇದಾರೆ, ಚನ್ನರಾಯಪಟ್ಟಣ ಕಡೆ ಹಳ್ಳಿ, ಅರವತ್ತು ದಾಟಿದೆ. ಒಂದ್ಸಲ ನಾನು ಬೆಂಗಳೂರಿಂದ ವೋಟ್ ಹಾಕೋಕೆ ಅಂತ ಊರಿಗೆ ಹೋಗಿ, ಹಿಂದಿನ ರಾತ್ರಿ ಜಗುಲಿ ಮೇಲೆ ಕೂತು ಒಂದೇ ಸಮ ವಾದ ಮಾಡ್ತಿದ್ದೆ, ಇವನ ಮೇಲೆ ಕೇಸಿದೆ, ಅವನು ಜಾತಿ ಮಾಡ್ತಾನೆ, ಇನ್ನೊಬ್ಬ ಒಳ್ಳೆಯೋನು ಆದ್ರೆ ಗೆಲ್ಲಲ್ಲ, ಯಾರಿಗತ್ತೆ ಹಾಕೋದು, ನನ್ನ ಮನಸ್ಸಾಕ್ಷಿ ಒಪ್ತಿಲ್ಲ ಅಂತ. ಅತ್ತೆ ಅವರೆಕಾಯಿ ಸುಲೀತಾ ಕೂತಿದ್ರು, ತಲೆ ಎತ್ತದೇನೇ ಅಂದ್ರು, "ನೀನೇನು ಅಳಿಯನ್ ಹುಡುಕ್ತಿದೀಯೇನಪ್ಪಾ? ನೀರುಗಂಟಿನ ಹುಡುಕ್ತಿರೋದು ಕಣೋ."

ನೀರುಗಂಟಿ ಯಾರು ಅಂತ ಗೊತ್ತಿಲ್ಲದೋರಿಗೆ ಹೇಳ್ತೀನಿ. ಕೆರೆ ತೂಬು ಎತ್ತಿ, ಯಾರ ಗದ್ದೆಗೆ ಯಾವಾಗ ಎಷ್ಟು ನೀರು ಅಂತ ಬಿಡೋನು. ಅವನು ಕುಡಿದು ಮಲಗಿದ್ರೆ ಪೈರು ಒಣಗುತ್ತೆ, ಅವನು ಲಂಚ ತಿಂದು ಮೇಲಿನ ಗದ್ದೆಗೇ ಬಿಟ್ರೆ ಕೊನೇ ಗದ್ದೆಯೋರು ಸತ್ರು. ಅವನು ನಮ್ಮ ಮನೇಲಿ ಊಟಕ್ಕೆ ಕೂರೋ ಅಷ್ಟು ಇಷ್ಟ ಆಗ್ಬೇಕಾಗಿಲ್ಲ, ನೀರು ಬಿಡೋದ್ರಲ್ಲಿ ಮೋಸ ಮಾಡ್ದೆ ಇದ್ರೆ ಸಾಕು. ನಾವು ವೋಟನ್ನ ಒಂದು ಕ್ಯಾರೆಕ್ಟರ್ ಸರ್ಟಿಫಿಕೇಟ್ ಅಂತ ತಿಳ್ಕೊಂಡಿದೀವಿ, ಒತ್ತಿದ್ರೆ ಅವನ ಎಲ್ಲ ಪಾಪಕ್ಕೂ ನಾವು ಸೈನ್ ಹಾಕ್ದಂಗೆ ಅಂತ. ಅದು ಸರ್ಟಿಫಿಕೇಟ್ ಅಲ್ಲ, ಕೆಲಸಕ್ಕೆ ಕೊಡೋ ನೇಮಕ ಪತ್ರ.

ಆದ್ರೆ ಇಲ್ಲಿಗೇ ನಿಲ್ಸಿದ್ರೆ ಅತ್ತೆಗೆ ಅನ್ಯಾಯ ಮಾಡ್ದಂಗೆ. ಯಾಕಂದ್ರೆ ಅದೇ ಅತ್ತೆ ಇನ್ನೊಂದ್ಸಲ ಗ್ರಾಮ ಪಂಚಾಯ್ತಿ ಎಲೆಕ್ಷನ್‌ನಲ್ಲಿ, ಬೀದಿಗೆ ನಲ್ಲಿ ಹಾಕ್ಸಿದ್ದ, ಕರೆದ್ರೆ ಓಡ್ಬರ್ತಿದ್ದ ಒಬ್ಬನಿಗೆ ವೋಟ್ ಹಾಕ್ಲೇ ಇಲ್ಲ. ಅವನು ಹೆಂಡ್ತಿನ ಹೊಡೀತಿದ್ದ, ಆಕೆ ರಾತ್ರಿ ಹೊತ್ತು ಅತ್ತೆ ಮನೆ ಹಿತ್ತಲಿಗೆ ಬಂದು ಕೂರ್ತಿದ್ಲು. ಅತ್ತೆ ಎದುರಿಗೆ ನಿಂತಿದ್ದೋನಿಗೆ ಹಾಕಿ ಬಂದ್ರು, ಆತ ಸೋತ, ಇವರಿಗೆ ಬೇಜಾರೂ ಇಲ್ಲ. ಅಂದ್ರೆ ಅವರಿಗೆ ಒಂದು ಗೆರೆ ಇತ್ತು. ಗೆರೆ ಈಚೆ ಇರೋ ತಪ್ಪುಗಳನ್ನೆಲ್ಲ ತೂಕಕ್ಕೆ ಹಾಕ್ತಿದ್ರು, ಗೆರೆ ದಾಟಿದೋನನ್ನ ತಕ್ಕಡಿಗೇ ಇಡ್ತಿರ್ಲಿಲ್ಲ. ನನಗೆ ಅನ್ಸೋದು, ಎಲ್ಲ ತಪ್ಪನ್ನೂ ಗೆರೆ ಅಂತ ಮಾಡ್ಕೊಂಡೋರು ಮನೇಲೇ ಉಳೀತಾರೆ, ಒಂದೂ ಗೆರೆ ಇಲ್ದೋರು ಎಂಥವನಿಗೆ ಬೇಕಾದ್ರೂ ಒತ್ತಿ ಬರ್ತಾರೆ. ಆ ಗೆರೆನ ಟಿಕೆಟ್ ಅನೌನ್ಸ್ ಆಗೋಕೆ ಮುಂಚೆನೇ ಎಳ್ಕೋಬೇಕು, ಆಮೇಲೆ ಎಳೆದ್ರೆ ನಮ್ಮೋನು ನಿಂತಿರೋ ಜಾಗ ನೋಡ್ಕೊಂಡು ಎಳೀತೀವಿ.

ಹಂಗಾದ್ರೆ ನೋಟಾ ಇದ್ಯಲ್ಲ ಅಂತ ಕೇಳ್ತೀರ. ಮಷೀನಲ್ಲಿ ಎಲ್ಲಕ್ಕಿಂತ ಕೆಳಗಿನ ಬಟನ್. 2013ರ ಸೆಪ್ಟೆಂಬರ್ 27ರ ಸುಪ್ರೀಂ ಕೋರ್ಟ್ ತೀರ್ಪಿಂದ ಬಂದಿದ್ದು. ಅದಕ್ಕೆ ಮುಂಚೆ ಯಾರಿಗೂ ಹಾಕಲ್ಲ ಅನ್ನೋರು 49-ಓ ನಿಯಮದ ಪ್ರಕಾರ ಬೂತಲ್ಲಿ ಅಧಿಕಾರಿಗೆ ಹೇಳಿ ರಿಜಿಸ್ಟರಲ್ಲಿ ಬರೆಸಿ ಸೈನ್ ಹಾಕ್ಬೇಕಿತ್ತು, ಏಜೆಂಟುಗಳೆಲ್ಲ ಪಕ್ಕದಲ್ಲೇ ಕೂತಿರ್ತಾರೆ, ಗುಟ್ಟು ಎಲ್ಲಿಂದ ಉಳೀಬೇಕು. ಆ ಮಟ್ಟಿಗೆ ನೋಟಾ ದೊಡ್ಡ ಹಕ್ಕು. ಆದ್ರೆ ವಿಧಾನಸಭೆ, ಲೋಕಸಭೆಲಿ ಅದನ್ನ ಎಣಿಸ್ತಾರೆ ಹೊರತು ಅದು ಯಾರನ್ನೂ ಸೋಲ್ಸಲ್ಲ. 2024ರಲ್ಲಿ ಇಂದೋರ್ ಲೋಕಸಭೆ ಕ್ಷೇತ್ರದಲ್ಲಿ ಕಾಂಗ್ರೆಸ್ ಕ್ಯಾಂಡಿಡೇಟ್ ಕೊನೇ ಗಳಿಗೇಲಿ ನಾಮಪತ್ರ ವಾಪಸ್ ತಗೊಂಡ್ಮೇಲೆ ನೋಟಾಗೆ 2,18,674 ವೋಟ್ ಬಂತು, ಎರಡನೇ ಸ್ಥಾನ. ಗೆದ್ದ ಬಿಜೆಪಿ ಕ್ಯಾಂಡಿಡೇಟ್‌ಗೂ ನೋಟಾಗೂ ಬಹಳ ಅಂತರ ಇತ್ತು ಬಿಡಿ, ಆದ್ರೆ ನೋಟಾನೇ ಮೊದಲನೇ ಸ್ಥಾನಕ್ಕೆ ಬಂದ್ರೂ ಗೆಲ್ಲೋದು ಅದ್ರ ನಂತರ ಇರೋ ಕ್ಯಾಂಡಿಡೇಟೇ. ಮಹಾರಾಷ್ಟ್ರ, ಹರಿಯಾಣದ ರಾಜ್ಯ ಚುನಾವಣಾ ಆಯೋಗಗಳು 2018ರಲ್ಲಿ ಸ್ಥಳೀಯ ಸಂಸ್ಥೆ ಎಲೆಕ್ಷನ್‌ಗೆ ಮಾತ್ರ, ನೋಟಾ ಗೆದ್ರೆ ಮತ್ತೆ ಎಲೆಕ್ಷನ್ ಅಂತ ಮಾಡಿದ್ವು, ಅದು ಒಳ್ಳೇ ಹೆಜ್ಜೆ. ನಿಂತಿರೋ ಎಲ್ರೂ ನಿಮ್ಮ ಗೆರೆ ದಾಟಿದಾರೆ ಅಂದ್ರೆ ನೋಟಾ ಒತ್ತಿ, ಅದು ಪ್ರಾಮಾಣಿಕ ಉತ್ತರ. ಕೈ ಕೊಳೆ ಆಗ್ಬಾರ್ದು ಅಂತ ಒತ್ತೋದು ಬೇರೆ, ಆಗ ತೂಗೋ ಕೆಲಸನ ಪಕ್ಕದ ಮನೆಯೋರಿಗೆ ಬಿಟ್ಟು ಬಂದ್ರಿ ಅಂತ ಅರ್ಥ.

ಮತ್ತೆ ನನ್ನೊಂದು ವೋಟಿಂದ ಏನಾಗುತ್ತೆ ಅನ್ಬೇಡಿ. 2004ರಲ್ಲಿ ಸಂತೇಮರಹಳ್ಳಿಲಿ ಆರ್. ಧ್ರುವನಾರಾಯಣ 40,752, ಎ.ಆರ್. ಕೃಷ್ಣಮೂರ್ತಿ 40,751. ಒಂದೇ ಒಂದು ವೋಟು. 2023ರಲ್ಲಿ ಜಯನಗರದಲ್ಲಿ 16 ವೋಟು, ಅದೂ ನಡುರಾತ್ರಿವರೆಗೆ ಮರುಎಣಿಕೆ ಆಗಿ.

ಈಗ ನನ್ನ ವಾದಕ್ಕೆ ಎದುರಾಗಿರೋದನ್ನೂ ಹೇಳ್ತೀನಿ, ಯಾಕಂದ್ರೆ ಮಸ್ಕಿ ಒಂದನ್ನೇ ತೋರ್ಸಿದ್ರೆ ಮೋಸ ಆಗುತ್ತೆ. 2019ರ ಡಿಸೆಂಬರಲ್ಲಿ 15 ಕ್ಷೇತ್ರಕ್ಕೆ ಬೈ ಎಲೆಕ್ಷನ್ ಆಯ್ತಲ್ಲ, ಅದ್ರಲ್ಲಿ ಅನರ್ಹರಾಗಿದ್ದ 13 ಜನ ಬಿಜೆಪಿಯಿಂದ ನಿಂತ್ರು, 11 ಜನ ಗೆದ್ರು. ಹುಣಸೂರು, ಹೊಸಕೋಟೆ ಎರಡರಲ್ಲಿ ಮಾತ್ರ ಸೋತ್ರು. ಆ ಹನ್ನೊಂದು ಕಡೆ ಜನ ಸ್ಥಿರ ಸರ್ಕಾರ ಬೇಕು, ನಮ್ಮ ಎಂಎಲ್‌ಎ ಮಂತ್ರಿ ಆದ್ರೆ ಊರಿಗೆ ಕೆಲಸ ಆಗುತ್ತೆ ಅಂತ ಲೆಕ್ಕ ಹಾಕಿದ್ರು ಅನ್ನೋರಿದಾರೆ, ಅದು ಸುಳ್ಳು ಲೆಕ್ಕ ಅಂತ ನಾನು ಹೇಳಲ್ಲ, ರಸ್ತೆ ಬೇಕಾದೋನಿಗೆ ರಸ್ತೆ ದೊಡ್ಡದೇ. ನನಗೆ ನೋವಾಗೋದು ಬೇರೆ ಕಡೆ. ಆ ರಾಜಿಗೆ ನಾವು ಬೆಲೆ ಕೇಳ್ಲಿಲ್ಲ. ಸೀಟ್ ಬಿಟ್ಟು ಹೋದ್ರಲ್ಲ ಯಾಕೆ ಅಂತ ಒಂದು ಸಭೆ ಕರೆದು ನಿಲ್ಸಿ ಕೇಳಿ, ಆಮೇಲೆ ವೋಟ್ ಹಾಕಿದ್ರೆ ಅದು ಚೌಕಾಸಿ, ಸುಮ್ನೆ ಹಾಕಿದ್ರೆ ಶರಣಾಗತಿ.

ಚೌಕಾಸಿ ಮಾಡೋಕೆ ಮೊದಲು ಎದುರಿಗಿರೋನು ಯಾರು ಅಂತ ಗೊತ್ತಿರ್ಬೇಕು, ಅದಕ್ಕೆ ಫಾರ್ಮ್ 26 ಇದೆ. ಕ್ಯಾಂಡಿಡೇಟ್ ನಾಮಪತ್ರದ ಜೊತೆ ಕೊಡೋ ಅಫಿಡವಿಟ್, ಚುನಾವಣಾ ಆಯೋಗದ ವೆಬ್‌ಸೈಟಲ್ಲಿ ಯಾರು ಬೇಕಾದ್ರೂ ನೋಡ್ಬಹುದು.

(ಸ್ಕ್ರೀನ್ ಮೇಲೆ: ಹೆಸರು ಮುಚ್ಚಿರೋ ಒಂದು ಅಫಿಡವಿಟ್‌ನ ಪುಟಗಳು)

ನೋಡಿ, ಸ್ವಲ್ಪ ಓರೆಯಾಗಿ ಸ್ಕ್ಯಾನ್ ಆಗಿರುತ್ತೆ, ಪ್ರತಿ ಪುಟಕ್ಕೂ ನೋಟರಿ ಸೀಲು. ಎಲ್ರೂ ಆಸ್ತಿ ಕಾಲಂಗೇ ಹೋಗ್ತಾರೆ, ಚಿನ್ನ ಎಷ್ಟು ಕಾರು ಯಾವ್ದು ಅಂತ. ನಾನು ಮೊದಲು ಕೇಸುಗಳ ಭಾಗ ಓದ್ತೀನಿ, ನೀವೂ ಬರೀ ಸಂಖ್ಯೆ ನೋಡ್ಬೇಡಿ, ಸೆಕ್ಷನ್ ನೋಡಿ. ನಿಷೇಧಾಜ್ಞೆ ಇದ್ದಾಗ ಪ್ರತಿಭಟನೆ ಮಾಡಿದ್ದಕ್ಕೆ ಬಿದ್ದಿರೋ ಐದು ಕೇಸೂ, ಹಲ್ಲೆ ಮಾಡಿದ್ದಕ್ಕೆ ಬಿದ್ದಿರೋ ಒಂದು ಕೇಸೂ ಒಂದೇನಾ? ರೈತ ಚಳವಳಿಯೋರ ಹೆಸರಲ್ಲಿ ಕೇಸು ಜಾಸ್ತಿನೇ ಇರುತ್ತೆ. ಆಮೇಲೆ, ಕೇಸಿರೋರಿಗೆ ಟಿಕೆಟ್ ಕೊಟ್ರೆ ಯಾಕೆ ಕೊಟ್ವಿ ಅಂತ ಪಕ್ಷ ಕಾರಣ ಪ್ರಕಟಿಸ್ಬೇಕು, ಗೆಲ್ತಾರೆ ಅನ್ನೋದೊಂದೇ ಕಾರಣ ಆಗಲ್ಲ ಅಂತ 2020ರ ಫೆಬ್ರವರಿಲಿ ಸುಪ್ರೀಂ ಕೋರ್ಟೇ ಹೇಳಿದೆ. ಆ ಕಾರಣದ ಪಟ್ಟಿನ ಒಂದ್ಸಲ ಓದಿ ನೋಡಿ, ಬಹಳ ಸಲ ಒಬ್ರಿಗೆ ಬರೆದಿದ್ದೇ ಇನ್ನೊಬ್ರಿಗೂ ಇರುತ್ತೆ, ಓದಿದ್ರೆ ಸಿಟ್ಟು ಬರುತ್ತೆ.

ಇನ್ನು, ತತ್ವದ ಕ್ಯಾಂಡಿಡೇಟ್ ಗೆಲ್ಲೋದೇ ಇಲ್ಲ ಅನ್ನೋದೂ ಸುಳ್ಳು. 1952ರಲ್ಲಿ ಶಾಂತವೇರಿ ಗೋಪಾಲಗೌಡರು ಸಾಗರ-ಹೊಸನಗರದಿಂದ ಸೋಷಲಿಸ್ಟ್ ಪಕ್ಷದಲ್ಲಿ ಗೆದ್ರು, ಜೇಬಲ್ಲಿ ದುಡ್ಡಿಲ್ಲ, ಒಂದು ವೋಟು ಒಂದು ನೋಟು ಅಂತ ಜನರ ಹತ್ರನೇ ಕೇಳ್ಕೊಂಡು. ಆದ್ರೆ ಅದಕ್ಕೆ ಮುಂಚೆ, 1951ರಲ್ಲಿ ಕಾಗೋಡು ಸತ್ಯಾಗ್ರಹ ನಡೆದಿತ್ತು, ಗೇಣಿದಾರರ ಜೊತೆ ನಿಂತು ಜೈಲಿಗೆ ಹೋದ ಮೇಲಿನ ಗೆಲುವು ಅದು. ಮೇಲುಕೋಟೆಲಿ 2023ರಲ್ಲಿ ಸರ್ವೋದಯ ಕರ್ನಾಟಕ ಪಕ್ಷದ ದರ್ಶನ್ ಪುಟ್ಟಣ್ಣಯ್ಯ ಗೆದ್ರು, ರೈತ ಸಂಘದ ದಶಕಗಳ ಕೆಲಸ ಅಲ್ಲಿತ್ತು, ಜೊತೆಗೆ ಕಾಂಗ್ರೆಸ್ ಕ್ಯಾಂಡಿಡೇಟ್ ಹಾಕದೆ ಸಪೋರ್ಟ್ ಮಾಡ್ತು. ತತ್ವನೂ ಇತ್ತು ರಾಜಿನೂ ಇತ್ತು, ಎರಡೂ ಒಂದೇ ಬೂತಲ್ಲಿ. ಮೂರು ವಾರದ ಪ್ರಚಾರದಲ್ಲಿ ಇಂಥ ಕ್ಯಾಂಡಿಡೇಟ್ ಹುಟ್ಟಲ್ಲ. ನಮ್ಮ ಕ್ಷೇತ್ರದಲ್ಲಿ ಯಾರೂ ಸರಿ ಇಲ್ಲ ಅಂತ ಎಲೆಕ್ಷನ್ ದಿನ ಬೈಯೋ ನಾವು ಹಿಂದಿನ ನಾಲ್ಕು ವರ್ಷ ಹನ್ನೊಂದು ತಿಂಗಳು ಎಲ್ಲಿದ್ವಿ?

ಬಟನ್ ಒತ್ತಿದ್ಮೇಲೆ ಪಕ್ಕದ ವಿವಿಪ್ಯಾಟ್ ಕಿಟಕಿಲಿ ಚೀಟಿ ಏಳು ಸೆಕೆಂಡ್ ಕಾಣುತ್ತೆ, ಆಮೇಲೆ ಕತ್ತರಿಸ್ಕೊಂಡು ಒಳಗೆ ಬೀಳುತ್ತೆ. ಬಹಳ ಜನರ ರಾಜಕೀಯ ಆ ಏಳು ಸೆಕೆಂಡಿಗೆ ಮುಗಿಯುತ್ತೆ. ಅತ್ತೆಗೆ ಅಲ್ಲಿಂದ ಶುರು. ನಾನು ಜಗುಲಿ ಮೇಲೆ ಕೂತು ವಾದ ಮಾಡಿದ್ನಲ್ಲ, ಆ ಸಲ ಅತ್ತೆ ಹಾಕಿದ ಕ್ಯಾಂಡಿಡೇಟ್ ಗೆದ್ದ, ಅವರಿಗೆ ಅವನ ಮೇಲೆ ಅಂಥ ಗೌರವ ಏನೂ ಇರ್ಲಿಲ್ಲ. ಗೆದ್ದು ಎರಡು ತಿಂಗಳಾದ್ರೂ ಕೆರೆ ತೂಬಿನ ರಿಪೇರಿ ಆಗ್ಲಿಲ್ಲ ಅಂತ ಅಕ್ಕಪಕ್ಕದ ಆರೇಳು ಹೆಂಗಸರನ್ನ ಕಟ್ಕೊಂಡು ಬೆಳಿಗ್ಗೆ ಬಸ್ಸಿಗೇ ಅವನ ಮನೆ ಮುಂದೆ ಹೋಗಿ ಕೂತ್ರು. ಪಿಎ ಬಂದು, ಏನಮ್ಮ ಆ ಪಾರ್ಟಿಯೋರು ಕಳ್ಸಿದ್ರಾ ಅಂತ ಕೇಳಿದ್ನಂತೆ. ಅತ್ತೆ ಎಲೆ ಅಡಿಕೆ ಬದಿಗಿಟ್ಟು ಅಂದ್ರಂತೆ, "ಇಲ್ಲಪ್ಪ, ಇವನಿಗೇ ಹಾಕಿದೀನಿ, ಅದಕ್ಕೇ ಬಂದಿರೋದು." ಆ ವರ್ಷ ಅವರು ಅಲ್ಲಿಗೆ ನಾಲ್ಕು ಸಲ ಹೋದ್ರು, ನಾಲ್ಕನೇ ಸಲ ಇಂಜಿನಿಯರ್‌ನ ಜೊತೇಲೇ ಕರ್ಕೊಂಡು ಕೆರೆ ಏರಿಗೆ ಬಂದ್ರು.