ಕೆರೆಯೊಳಗಿನ ಸದ್ದಿಗೆ ನಾವಿಟ್ಟ ಹೆಸರು

ನಮಸ್ಕಾರ. ದಾವಣಗೆರೆಯಲ್ಲಿ ಕುಳಿತು ನೀರೊಳಗಿನ ಸದ್ದಿನ ಬಗ್ಗೆ ಮಾತನಾಡುತ್ತೇನೆಂದರೆ ನಮ್ಮ ಮನೆಯವರೇ ನಗುತ್ತಾರೆ. ಸಮುದ್ರ ಘಟ್ಟದಾಚೆಗಿದೆ, ನಮಗಿರುವುದು ಕಾಗದದಲ್ಲಿ ಶಾಂತಿಸಾಗರ, ಬಾಯಲ್ಲಿ ಸೂಳೆಕೆರೆ. ಸಂಖ್ಯಾಶಾಸ್ತ್ರ ಕಲಿಸುವ ನನಗೆ ಪಾಠವಾದದ್ದು ಅಲ್ಲಿಯೇ.

ಕಳೆದ ಬೇಸಿಗೆಯಲ್ಲಿ ಇಬ್ಬರು ವಿದ್ಯಾರ್ಥಿಗಳೊಂದಿಗೆ, ಒತ್ತಡವನ್ನು ವಿದ್ಯುತ್ತಾಗಿಸುವ ಪೀಜೋ ಬಿಲ್ಲೆಗೆ ತಂತಿ ಬೆಸೆದು ಎಪಾಕ್ಸಿ ಅಂಟಿನಲ್ಲಿ ಮುಚ್ಚಿ ಮಾಡಿಕೊಂಡ ಹೈಡ್ರೋಫೋನನ್ನು, ಅಂದರೆ ನೀರೊಳಗಿನ ಮೈಕನ್ನು, ಕೆರೆಗೆ ಇಳಿಬಿಟ್ಟು ಮೂರು ದಿನ ಧ್ವನಿಮುದ್ರಣ ಮಾಡಿದೆವು. ಹತ್ತು ಸೆಕೆಂಡಿನ ಒಂದೊಂದು ತುಣುಕನ್ನೂ ಫೂರಿಯೇ ವಿಧಾನದಿಂದ ಬಿಡಿಸಿ, ಯಾವ ಆವರ್ತನದಲ್ಲಿ ಎಷ್ಟು ಶಕ್ತಿಯಿದೆ ಎಂದು ತೋರಿಸುವ ರೋಹಿತವನ್ನಾಗಿಸಿ, ಒಂದನ್ನೊಂದು ಹೋಲುವವನ್ನು ಗುಂಪು ಮಾಡುವ ಕೆ-ಮೀನ್ಸ್ ವಿಧಾನಕ್ಕೆ ಒಪ್ಪಿಸಿದೆವು. ಎರಡು ಗುಂಪುಗಳು ಕತ್ತರಿಸಿಟ್ಟಂತೆ ಬಂದವು. ಒಂದು ಮೀನಿನದು, ಇನ್ನೊಂದು ಗಾಳಿಯದು ಎಂದು ಹುಡುಗರು ಹಿಗ್ಗಿದರು. ಸರಾಸರಿ ರೋಹಿತಗಳನ್ನು ಒಂದರ ಮೇಲೊಂದು ಬರೆದು ನೋಡಿದಾಗ, ಒಂದರಲ್ಲಿ 100, 200, 300 ಹರ್ಟ್ಜ್‌ಗಳಲ್ಲಿ ಮೊಳೆ ನೆಟ್ಟಂತೆ ಗೆರೆಗಳು ಎದ್ದಿದ್ದವು. ದಡದ ಪಂಪ್‌ಸೆಟ್! 50 ಹರ್ಟ್ಜ್ ವಿದ್ಯುತ್ತಿನ ಮೋಟರು ಅದರ ಇಮ್ಮಡಿಯಲ್ಲೂ ಆ ಇಮ್ಮಡಿಯ ಗುಣಕಗಳಲ್ಲೂ ಗುಂಯ್‌ಗುಡುತ್ತದೆ. ತ್ರೀ ಫೇಸ್ ಕರೆಂಟ್ ಇದ್ದ ಹೊತ್ತು ಒಂದು ಗುಂಪು, ಹೋದ ಹೊತ್ತು ಇನ್ನೊಂದು.

ವಿಧಾನ ತಪ್ಪಿರಲಿಲ್ಲ, ನಾವಿಟ್ಟ ಹೆಸರು ತಪ್ಪಿತ್ತು. ನಮ್ಮೂರಿನ ಮಂಡಕ್ಕಿಯನ್ನು ಎಷ್ಟು ಜರಡಿಗೆ ಹಾಕಿದರೆ ಅಷ್ಟು ದರ್ಜೆ ಸಿಗುವಂತೆ, ಕೆ-ಮೀನ್ಸ್ ಕೂಡ ಎಷ್ಟು ಗುಂಪು ಬೇಕೆಂದು ನಮ್ಮನ್ನೇ ಕೇಳಿ, ಐದೆಂದರೆ ಐದನ್ನು ತಪ್ಪದೆ ಕೊಡುತ್ತದೆ. ಆದ್ದರಿಂದ ಗುಂಪುಗಳು ಬಂದವು ಎಂಬುದನ್ನೇ ಆವಿಷ್ಕಾರವೆಂದು ಸಾರುವುದನ್ನು ನಾನು ಒಪ್ಪುವುದಿಲ್ಲ.

ಅದಕ್ಕೂ ಮೊದಲು, ರೋಹಿತಗಳ ನಡುವಿನ ದೂರವನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆಯಿದೆ. ಎರಡು ರೋಹಿತಗಳು ಹತ್ತಿರ ಎನ್ನಲು ಅಳತೆ ಬೇಕು. ಶಕ್ತಿಯನ್ನು ನೇರವಾಗಿ ಅಳೆದರೆ ಗಟ್ಟಿ ಸದ್ದೊಂದೇ ಎಲ್ಲವನ್ನೂ ನುಂಗುತ್ತದೆ, ಡೆಸಿಬಲ್‌ಗೆ ಇಳಿಸಿದರೆ ಮೆಲುಸದ್ದಿಗೂ ಜಾಗ ಸಿಗುತ್ತದೆ. ಅಕ್ಕಪಕ್ಕದ ಆವರ್ತನಗಳು ಸಾಮಾನ್ಯವಾಗಿ ಒಟ್ಟಿಗೇ ಏರಿಳಿಯುವುದರಿಂದ ಸಾದಾ ದೂರವು ಒಂದೇ ಸಂಗತಿಯನ್ನು ಹತ್ತು ಸಲ ಎಣಿಸುತ್ತದೆ. ಭಾರತದ ಸಂಖ್ಯಾಶಾಸ್ತ್ರಜ್ಞ ಪ್ರಶಾಂತಚಂದ್ರ ಮಹಲನೋಬಿಸ್ 1936ರಲ್ಲಿ ಕೊಟ್ಟ ಅಳತೆ ಈ ಪರಸ್ಪರ ಸಂಬಂಧವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ತುಣುಕುಗಳು ಕಡಿಮೆಯಿದ್ದು ಆವರ್ತನಗಳು ಸಾವಿರವಿದ್ದರೆ ಅದೂ ಕೈಕೊಡುವುದರಿಂದ, ಮೊದಲು, ಒಟ್ಟಿಗೇ ಏರಿಳಿಯುವ ಆವರ್ತನಗಳನ್ನು ಕೆಲವೇ ಸಂಖ್ಯೆಗಳಾಗಿ ಬೆಸೆಯುವ ಪ್ರಧಾನ ಘಟಕಗಳ ವಿಶ್ಲೇಷಣೆಯಿಂದ ಆಯಾಮಗಳನ್ನು ಇಳಿಸಿಕೊಳ್ಳಬೇಕು.

ಸಮುದ್ರದಲ್ಲಿ ಈ ಕೆಲಸಕ್ಕೆ ಆಧಾರಗಳು ಹೆಚ್ಚು: ದೂರದ ಹಡಗುಗಳ ಸದ್ದು ಕೆಲವು ನೂರು ಹರ್ಟ್ಜ್‌ಗಳ ಒಳಗೆ ದಟ್ಟವಾಗಿರುತ್ತದೆ, ತುಂತುರು ಮಳೆ ಸುಮಾರು 15 ಕಿಲೋಹರ್ಟ್ಜ್‌ ಬಳಿ ಎದ್ದು ಕಾಣುತ್ತದೆ, ಚಿಟಿಕೆ ಹೊಡೆಯುವ ಸೀಗಡಿಗಳು ಹಲವು ಕಿಲೋಹರ್ಟ್ಜ್‌ಗಳ ಉದ್ದಕ್ಕೂ ಚಟಪಟಗುಟ್ಟುತ್ತವೆ. ಹೆಸರು ಮೊದಲೇ ಗೊತ್ತಿರುವ ಇಂಥ ಸದ್ದುಗಳನ್ನು ಕಲಿಸಿ ವರ್ಗೀಕರಿಸುವುದು ಬೇರೆ ಕೆಲಸ, ಅಲ್ಲಿ ಬೇರೆ ಮೋಸ. ಒಂದೇ ಧ್ವನಿಮುದ್ರಣದ ತುಣುಕುಗಳನ್ನು ಕಲಿಕೆಗೂ ಪರೀಕ್ಷೆಗೂ ಹಂಚಿದರೆ ಯಂತ್ರ ಆ ದಿನದ ಕೆರೆಯನ್ನು ಬಾಯಿಪಾಠ ಮಾಡಿ ಶೇ 98 ಎನ್ನುತ್ತದೆ. ಬೇರೆ ದಿನ, ಬೇರೆ ದಡದಲ್ಲಿ ಪರೀಕ್ಷಿಸಿ ಬಂದ ಶೇ 70ನ್ನೇ ನಾನು ನಂಬುತ್ತೇನೆ.

ಹುಡುಗರು ಈ ತಿಂಗಳು ಮತ್ತೆ ಕೆರೆಗೆ ಹೊರಟಿದ್ದಾರೆ. ನೋಟ್‌ಬುಕ್ಕಿನ ಮೊದಲ ಕಾಲಂಗೆ ಅವರೇ ಬರೆದುಕೊಂಡಿರುವ ತಲೆಬರಹ, 'ಕರೆಂಟ್ ಇತ್ತೋ ಇಲ್ಲವೋ'.