ಬಸಿರಾಗುವ ಮೊದಲೇ ಶುರುವಾಗಬೇಕಾದ ಮಾತ್ರೆ

ಕೇಳುಗರಿಗೆ ನಮಸ್ಕಾರ. ಗರ್ಭಿಣಿಯ ಆಹಾರದ ಮಾತು ಬಂದರೆ ಏನು ತಿನ್ನಬೇಕು ಎಂದು ಎಲ್ಲರೂ ಕೇಳುತ್ತಾರೆ. ಯಾವಾಗಿನಿಂದ ಎಂದು ಕೇಳುವವರು ಕಡಿಮೆ. ಮಗು ಬೇಕು ಎಂದು ನೀವಿಬ್ಬರೂ ತೀರ್ಮಾನಿಸಿದ ದಿನದಿಂದಲೇ, ಅಂದರೆ ಬಸಿರಾಗುವ ಮೊದಲೇ, ಫೋಲಿಕ್ ಆಮ್ಲ ಎಂಬ ಜೀವಸತ್ವದ ಮಾತ್ರೆ ಶುರುವಾಗಬೇಕು.

ಯಾಕೆ ಗೊತ್ತೇ? ಮಗುವಿನ ಮಿದುಳು, ಬೆನ್ನುಹುರಿ ಮೊದಲು ಚಪ್ಪಟೆ ಹಾಳೆಯಂತಿರುತ್ತವೆ. ಆ ಹಾಳೆ ಸುರುಳಿಕೊಂಡು ಕೊಳವೆಯಾಗುತ್ತದೆ. ಗರ್ಭ ಕಟ್ಟಿದ 28 ದಿನಗಳೊಳಗೆ ಈ ನರಕೊಳವೆ ಪೂರ್ತಿ ಮುಚ್ಚಿಕೊಳ್ಳಬೇಕು, ಅದಕ್ಕೆ ಫೋಲಿಕ್ ಆಮ್ಲ ಬೇಕು. ಕೆಳತುದಿ ತೆರೆದೇ ಉಳಿದರೆ ಮಗು ಬೆನ್ನುಹುರಿಯ ಸೀಳಿನೊಂದಿಗೆ ಹುಟ್ಟುತ್ತದೆ. ಮೇಲ್ತುದಿ ತೆರೆದುಳಿದರೆ ಮಿದುಳು, ತಲೆಬುರುಡೆ ಸರಿಯಾಗಿ ರೂಪುಗೊಳ್ಳುವುದೇ ಇಲ್ಲ. ಮುಟ್ಟು ತಪ್ಪಿ ಎರಡು ವಾರ ಕಳೆಯುವಷ್ಟರಲ್ಲಿ ಈ ಕೆಲಸ ಮುಗಿದುಹೋಗಿರುತ್ತದೆ. "ಮೂರು ತಿಂಗಳು ತುಂಬಲಿ, ಆಮೇಲೆ ಡಾಕ್ಟರ ಹತ್ತಿರ ಹೋಗೋಣ" ಎನ್ನುವವರಿಗೆ ಇದನ್ನು ಹೇಗೆ ಮನದಟ್ಟು ಮಾಡಿಸುವುದು!

ಪ್ರಮಾಣ ದಿನಕ್ಕೆ 400 ಮೈಕ್ರೋಗ್ರಾಂ. ಬಸಿರಿಗೆ ಕನಿಷ್ಠ ಒಂದು ತಿಂಗಳು ಮೊದಲಿನಿಂದ 12 ವಾರ ತುಂಬುವವರೆಗೆ ತಪ್ಪಿಸಬಾರದು. ಹಿಂದಿನ ಮಗುವಿಗೆ ಈ ದೋಷವಿದ್ದರೆ, ನಿಮಗೆ ಸಕ್ಕರೆ ಕಾಯಿಲೆಯಿದ್ದರೆ, ಮೂರ್ಛೆರೋಗದ ಔಷಧಿ ನಡೆಯುತ್ತಿದ್ದರೆ ಹೆಚ್ಚಿನ ಪ್ರಮಾಣ ಬೇಕಾಗಬಹುದು. ವೈದ್ಯರನ್ನು ಮೊದಲೇ ಕೇಳಿ.

ಫೋಲಿಕ್ ಆಮ್ಲ ಪತ್ತೆಯಾದ ಬಗೆಯನ್ನು ಹೇಳಲೇಬೇಕು. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲೆಂಡಿನ ವೈದ್ಯೆ ಮುಂಬಯಿಗೆ ಬಂದರು. ಅಲ್ಲಿನ ಬಟ್ಟೆ ಗಿರಣಿಗಳ ಬಡ ಹೆಂಗಸರು ಬಸಿರಿನಲ್ಲಿ ವಿಪರೀತ ರಕ್ತಹೀನತೆಯಿಂದ ನರಳುತ್ತಿದ್ದರು. ಅವರ ಕೆಂಪು ರಕ್ತಕಣಗಳು ಅಸಹಜವಾಗಿ ದೊಡ್ಡದಾಗಿದ್ದವು. ಸೋಂಕಿರಬಹುದೇ ಎಂದು ಹುಡುಕಿದರು, ಸಿಗಲಿಲ್ಲ. ಆಗ ಅವರ ಊಟವನ್ನು ಗಮನಿಸಿದರು. ಪ್ರೋಟೀನು, ಹಣ್ಣು, ತರಕಾರಿ ತೀರಾ ಕಡಿಮೆ. ಕೊನೆಗೆ ಅಗ್ಗವಾಗಿ ಸಿಗುತ್ತಿದ್ದ ಯೀಸ್ಟ್ ಸಾರವನ್ನು ಕೊಟ್ಟು ನೋಡಿದರೆ ರಕ್ತ ಚೇತರಿಸಿಕೊಂಡಿತು! 1931ರಲ್ಲಿ ಅದನ್ನು ಪ್ರಕಟಿಸಿದರು. ಆ ಅಂಶಕ್ಕೆ ಇನ್ನೂ ಹೆಸರಿರಲಿಲ್ಲ. 1941ರಲ್ಲಿ ಪಾಲಕ್ ಸೊಪ್ಪಿನಿಂದ ಅದನ್ನು ಬೇರ್ಪಡಿಸಿ, ಎಲೆ ಎನ್ನುವ ಲ್ಯಾಟಿನ್ ಪದದಿಂದ ಫೋಲಿಕ್ ಎಂದು ಕರೆದರು. ಮುಂದೆ 1991ರಲ್ಲಿ ಏಳು ದೇಶಗಳ ಅಧ್ಯಯನವೊಂದು ಪ್ರಕಟವಾಯಿತು. ಹಿಂದೆ ನರಕೊಳವೆಯ ದೋಷವಿದ್ದ ಮಗುವನ್ನು ಹೊತ್ತಿದ್ದ ತಾಯಂದಿರು ಬಸಿರಿಗೆ ಮೊದಲೇ ಈ ಮಾತ್ರೆ ತೆಗೆದುಕೊಂಡಾಗ ದೋಷ ಮರುಕಳಿಸುವುದು 72 ಶೇಕಡಾ ತಗ್ಗಿತು. ಮತ್ತೆ ಗಮನಿಸಿ, ಬಸಿರಿಗೆ ಮೊದಲೇ.

ಸೊಪ್ಪು ತಿಂದರೆ ಸಾಲದೇ? ತಿನ್ನಿ, ಆದರೆ ಮಾತ್ರೆಯನ್ನು ಬಿಡಬೇಡಿ. ಈ ಜೀವಸತ್ವ ನೀರಿನಲ್ಲಿ ಕರಗುತ್ತದೆ, ಬಿಸಿಗೆ ಹಾಳಾಗುತ್ತದೆ. ಸೊಪ್ಪನ್ನು ಕಡಿಮೆ ನೀರಿನಲ್ಲಿ ಸ್ವಲ್ಪ ಹೊತ್ತು ಬೇಯಿಸಿ, ಬಸಿದ ನೀರನ್ನು ಚೆಲ್ಲಬೇಡಿ.

ಉಳಿದದ್ದನ್ನು ಬೇಗ ಹೇಳುತ್ತೇನೆ. ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಕಬ್ಬಿಣಾಂಶದ ಮಾತ್ರೆಯನ್ನು ಚಹಾ, ಕಾಫಿ, ಹಾಲು, ಕ್ಯಾಲ್ಸಿಯಂ ಮಾತ್ರೆಯ ಜೊತೆ ನುಂಗಬೇಡಿ, ಮೈಗೆ ಹತ್ತುವುದಿಲ್ಲ. ನಿಂಬೆ ರಸದೊಂದಿಗೆ ಒಳ್ಳೆಯದು. ಮಲ ಕಪ್ಪಾದರೆ ಹೆದರಿ ನಿಲ್ಲಿಸಬೇಡಿ. ಇಬ್ಬರ ಊಟ ಒಬ್ಬರೇ ಮಾಡಬೇಕಿಲ್ಲ. ಮೊದಲ ಮೂರು ತಿಂಗಳು ಹೆಚ್ಚುವರಿ ಆಹಾರವೇ ಬೇಡ. ಮದ್ಯ, ತಂಬಾಕು ಒಂದಿಷ್ಟೂ ಬೇಡ. ದಿನಾ ಅರ್ಧ ಗಂಟೆ ನಡೆಯಿರಿ. 28 ವಾರದ ನಂತರ ಮಗ್ಗುಲಾಗಿ ಮಲಗಿ.

ಈಗಾಗಲೇ ಮುಟ್ಟು ತಪ್ಪಿ, ಫೋಲಿಕ್ ಆಮ್ಲದ ಮಾತ್ರೆ ಶುರುಮಾಡಿಲ್ಲವೇ? ಮುಂದಿನ ತಪಾಸಣೆಗೆ ಕಾಯಬೇಡಿ. ಇವತ್ತೇ ಶುರುಮಾಡಿ. ನಮಸ್ಕಾರ.